ಇನ್ನೂರ ಎಂಬತ್ತು ಮೀಟರ್

ಸರ್ವೆಯರು ಕೆಲಸದಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಗಿತ್ತು, ಆದರೆ ಅಳತೆಯ ಹುಚ್ಚು ಅವರಿಂದ ನಿವೃತ್ತಿ ಪಡೆದಿರಲಿಲ್ಲ. ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಬಾಗಿಲಿನಿಂದ ಗೇಟಿಗೆ ಇಪ್ಪತ್ತಮೂರು. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಮನೆಯಲ್ಲಿ ಅವರ ಮಾತಿಗೆ ಎದುರಾಡುವವರು ಬೇಕಾದಷ್ಟಿದ್ದರು. ಅವರು ಹೇಳಿದ ಅಂಕಿಗೆ ಎದುರಾಡಿದವರು ಮಾತ್ರ ಇದುವರೆಗೆ ಒಬ್ಬರೂ ಇರಲಿಲ್ಲ.

ಅಂಥವರು ಆ ಸೋಮವಾರದಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪೇಪರ್ ಹಿಡಿದರೆ ಎರಡು ಸಾಲಿಗೇ ಮಡಿಸುವುದು, ಕಿಟಕಿ ತೆಗೆಯುವುದು, ಮತ್ತೆ ಹಾಕುವುದು, ಅಡುಗೆಮನೆಗೆ ಬಂದು ಏನೋ ಹೇಳಲು ಬಾಯಿ ತೆರೆದು ಒಂದು ಲೋಟ ನೀರು ಕುಡಿದು ವಾಪಸ್ಸು ಹೋಗುವುದು. "ಅಂಗಿಯೊಳಗೆ ಇರುವೆ ಬಿಟ್ಕೊಂಡಿದ್ದೀರಾ?" ಎಂದು ಹೆಂಡತಿ ಕೇಳಿದಳು. ಅವಳಿಗೆ ನಗು. ಶನಿವಾರ ಹೊಸ ಮನೆಯ ಕರಾರಿಗೆ ಸಹಿ ಹಾಕುವುದಿತ್ತು, ಆ ಸಡಗರವೇ ಇರಬೇಕು ಅಂದುಕೊಂಡಿದ್ದಳು.

ಮನೆ ಬದಲಿಸುವ ಮಾತು ಬಂದದ್ದು ಕಣ್ಣಿನ ಡಾಕ್ಟರರಿಂದ. ಎರಡು ತಿಂಗಳ ಹಿಂದೆ ಅವರು ಸರ್ವೆಯರ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಇನ್ನು ಕಾರು ಮುಟ್ಟಬೇಡಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಸರ್ವೆಯರಿದ್ದ ಮನೆ ಊರಿನ ಹೊರಗೆ. ಬಸ್ಸು ಬರುತ್ತಿರಲಿಲ್ಲ, ಟ್ಯಾಕ್ಸಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಹೆಂಡತಿಗೆ ಮಾತ್ರ ದಿನಾ ಊರೊಳಗೆ ಹೋಗಲೇಬೇಕಿತ್ತು. ಅವಳ ಒಬ್ಬಳೇ ತಂಗಿ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡು ಊರಿನ ಇನ್ನೊಂದು ತುದಿಯ ಆರೈಕೆ ಮನೆಯಲ್ಲಿ ಮಲಗಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಊಟ ಕೊಡುತ್ತಿದ್ದರು. ಅಕ್ಕ ಮನೆಯಿಂದ ಡಬ್ಬಿ ತಂದು ತಿನ್ನಿಸಿದರೆ ತಿನ್ನುತ್ತಿದ್ದಳು. ನರ್ಸುಗಳು ಚಮಚ ತಂದರೆ ಎರಡು ಗುಟುಕಿಗೇ ತುಟಿ ಬಿಗಿಯುತ್ತಿದ್ದಳು, ಬೇಡಿಕೊಂಡರೂ ತೆರೆಯುತ್ತಿರಲಿಲ್ಲ.

ಇಪ್ಪತ್ತೊಂದು ತಿಂಗಳು, ಒಂದು ದಿನವೂ ತಪ್ಪದೆ, ಸರ್ವೆಯರೇ ಹೆಂಡತಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಅವಳು ಒಳಗೆ ಹೋಗುವುದು, ಇವರು ಕಾರಿನಲ್ಲೇ ಕೂತು ಪೇಪರಿನ ಪದಬಂಧ ತುಂಬುವುದು, ಒಂದು ಗಂಟೆಯ ಮೇಲೆ ಅವಳು ಬಂದಾಗ ಬಾಗಿಲು ತೆರೆದು ಹಿಡಿಯುವುದು. ಈಗ ಆ ಕೆಲಸ ಮಗಳ ತಲೆಗೆ ಬಿದ್ದಿತ್ತು. ಅವಳದು ಲ್ಯಾಬಿನಲ್ಲಿ ಪಾಳಿ ಕೆಲಸ, ವಾರಕ್ಕೆ ನಾಲ್ಕು ದಿನ ಹೇಗೋ ಹೊಂದಿಸುತ್ತಿದ್ದಳು. ಉಳಿದ ಮೂರು ದಿನ ತಂಗಿ ಉಪವಾಸ. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದಳು. ಹೆಂಡತಿ ಆ ಮೂರು ದಿನ ಹನ್ನೆರಡು ಹೊಡೆದರೆ ತಾನೂ ತಟ್ಟೆ ಮುಂದೆ ಕೂರುತ್ತಿರಲಿಲ್ಲ, ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು.

ಬಸ್ಸಿನ ಹತ್ತಿರ ಮನೆ ಹಿಡಿಯಬೇಕು ಎಂದು ತೀರ್ಮಾನವಾಯಿತು. ವಯಸ್ಸಾದವರು ಎಲ್ಲಿ ಮನೆ ಹಿಡಿಯಬೇಕು ಎನ್ನುವ ವಿಷಯದಲ್ಲಿ ವಯಸ್ಸಾದವರೆಲ್ಲ ಪಂಡಿತರೇ. ಬೆಳಗಿನ ವಾಕಿಂಗ್ ಗುಂಪಿನಲ್ಲಿ ಸರ್ವೆಯರು ಒಂದು ಮಾತು ಎತ್ತಿದ್ದೇ ತಡ, ರಂಪವೇ ಆಗಿಹೋಯಿತು.

"ಬಸ್ ಸ್ಟ್ಯಾಂಡ್ ಪಕ್ಕ ಅಂದ್ರೆ ಧೂಳು. ಇನ್ನೊಂದು ವರ್ಷಕ್ಕೆ ನಿಮ್ಮ ಶ್ವಾಸಕೋಶ ನೋಡಿ ಆಮೇಲೆ," ಎಂದರು ಹಲ್ಲಿನ ಡಾಕ್ಟರು. ಶ್ವಾಸಕೋಶ ಅವರ ಇಲಾಖೆಯಲ್ಲ, ಆದರೂ ಡಾಕ್ಟರಲ್ಲವೇ.

"ನಾನು ರೈಲು ಹಳಿ ಪಕ್ಕ ಇದ್ದೀನಪ್ಪ, ಇಪ್ಪತ್ತು ವರ್ಷದಿಂದ," ಎಂದರು ನಿವೃತ್ತ ಹೆಡ್ ಮೇಡಂ. "ಗಡಿಯಾರಕ್ಕೆ ಕೀಲಿ ಕೊಟ್ಟೇ ಇಲ್ಲ. ಆರೂ ಹತ್ತರದ್ದು ಹೋಯ್ತು ಅಂದ್ರೆ ಏಳ್ತೀನಿ. ಅದು ಬರದ ದಿನ ನನಗೆ ಹೊಟ್ಟೇನೂ ಹಸಿಯಲ್ಲ."

ಇನ್ನೂ ಅಂಗಡಿ ಮುಚ್ಚದ ಕ್ಷೌರಿಕ ಎಲ್ಲರ ಮಾತನ್ನೂ ಕೇಳಿಸಿಕೊಂಡು ಕೊನೆಗೆ ಹೇಳಿದ, "ಒಂದು ಯೋಚ್ನೆ ಮಾಡಿ ಸರ್. ಬಸ್ಸು ನಮಗೆ ಹತ್ತಿರ ಆದ್ರೆ ನಾವು ನೆಂಟರಿಗೂ ಹತ್ತಿರ ಆಗ್ತೀವಿ."

ಎರಡು ಮನೆ ಸಿಕ್ಕವು. ಒಂದು ಬಸ್ ನಿಲ್ದಾಣದ ನೆತ್ತಿಯ ಮೇಲೇ, ಮೂರನೇ ಮಹಡಿ, ಲಿಫ್ಟು ಉಂಟು. ಕಿಟಕಿ ತೆಗೆದರೆ ಬಸ್ಸುಗಳ ತಲೆ ಕಾಣುತ್ತಿತ್ತು. ಧ್ವನಿವರ್ಧಕದ ಹೆಂಗಸು ಕೋಣೆಯೊಳಗೇ ನಿಂತು ಬಸ್ಸುಗಳ ನಂಬರು ಕೂಗಿದ ಹಾಗೆ ಕೇಳುತ್ತಿತ್ತು. ಹೆಂಡತಿ ಕಿಟಕಿಗೆ ಮುಖ ಕೊಟ್ಟು, "ನೋಡ್ರೀ, ತಂಗಿ ಹತ್ತಿರ ಹೋಗೋ ಬಸ್ಸು ಇಲ್ಲಿಂದಾನೇ ಹೊರಡೋದು!" ಎಂದು ಮಗುವಿನಂತೆ ಖುಷಿಪಟ್ಟಳು. ಸರ್ವೆಯರು ಮೂಗು ಮುರಿದರು. "ಇಲ್ಲಿ ಮಲಗಿದರೆ ಕನಸಲ್ಲೂ ಟಿಕೆಟ್ ಕೇಳ್ತಾರೆ" ಎಂದರು.

ಇನ್ನೊಂದು ದಿಬ್ಬದ ಮೇಲಿನ ಮನೆ. ಅಳಿಯ ತನ್ನ ಕಾರಿನಲ್ಲಿ ಹಿಂದಿನ ರಸ್ತೆಯಿಂದ ಸುತ್ತಿಸಿ ಎಲ್ಲರನ್ನೂ ಬಾಗಿಲಿಗೇ ಇಳಿಸಿದ. ತಣ್ಣನೆ ಜಾಗ, ಎರಡು ದೊಡ್ಡ ಕೋಣೆ, ಮುಂದೆ ನಾಲ್ಕು ಹೂವಿನ ಗಿಡ, ಮೆತ್ತಗೆ ಮಾತಾಡುವ ಮನೆಯೊಡತಿ. ಬಸ್ ಸ್ಟಾಪು ಕೆಳಗಿನ ರಸ್ತೆಯಲ್ಲಿ. "ಎಷ್ಟು ದೂರ?" ಎಂದು ಹೆಂಡತಿ ಕೇಳಿದಳು. ಸರ್ವೆಯರು ಮನೆಗೆ ಬಂದು ಹಳೆಯ ನಕ್ಷೆ ಬಿಡಿಸಿ, ಭೂತಗನ್ನಡಿ ಹಿಡಿದು, ಸ್ಕೇಲು ಇಟ್ಟು ನೋಡಿದರು. ಮಗಳು, ಅಳಿಯ, ಹೆಂಡತಿ ಸುತ್ತ ನಿಂತಿದ್ದರು. ಎಷ್ಟೋ ದಿನದ ಮೇಲೆ ಮನೆಯಲ್ಲಿ ಅವರಿಂದ ಒಂದು ಉತ್ತರ ಬೇಕಾಗಿತ್ತು.

"ಇನ್ನೂರ ಎಂಬತ್ತು ಮೀಟರ್," ಎಂದರು. "ಒಂದು ಮೀಟರ್ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳು. ಅಳತೆ ಕಿವಿಗೆ ಬಿದ್ದ ಮೇಲೆ ಕತ್ತರಿ ಹಾಕುವುದಷ್ಟೇ ಅವಳಿಗೆ ಗೊತ್ತು. "ಅಷ್ಟೇನಾ? ಹಾಗಾದ್ರೆ ನಾನು ದಿನಾ ಹೋಗಿಬರ್ತೀನಿ. ನಿಮಗೂ ನಿದ್ದೆ ಬರ್ಲಿ," ಎಂದು ಬಸ್ ನಿಲ್ದಾಣದ ಮನೆಯ ಆಸೆ ಬಿಟ್ಟಳು. ಗಂಡನ ನಿದ್ದೆಗಾಗಿ ಬಿಟ್ಟಳು. ಅದನ್ನು ನೆನೆದಾಗಲೆಲ್ಲ ಸರ್ವೆಯರು ಈಗ ಕಿಟಕಿ ತೆಗೆಯಲು ಏಳುತ್ತಿದ್ದರು.

ಯಾಕೆಂದರೆ ಸೋಮವಾರ ಅವರು ಅಲ್ಲಿಗೆ ಹೋಗಿದ್ದರು. ಪರದೆಗೆ ಕಿಟಕಿಯ ಅಳತೆ ತರಲು ಹೆಂಡತಿಯೇ ಕಳಿಸಿದ್ದಳು. ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವರನ್ನು ಕೆಳಗಿನ ಬಸ್ ಸ್ಟಾಪಿನ ಹತ್ತಿರ ಇಳಿಸಿ ಹೋದಳು. ಸ್ಟಾಪಿನ ಹಿಂದೆ ತಿರುಗಿ ನೋಡಿದರೆ ಮೆಟ್ಟಿಲು. ಹತ್ತಿದರು. ಮುಗಿಯಿತು ಎನ್ನುವಷ್ಟರಲ್ಲಿ ಎದೆಗೆ ತಾಗುವಷ್ಟು ಕಡಿದಾಗಿ ಏರುವ ಒಂದು ರಸ್ತೆ, ಅದು ಮುಗಿದರೆ ಮತ್ತೆ ಮೆಟ್ಟಿಲು. ಒಟ್ಟು ನೂರ ಮೂವತ್ತನಾಲ್ಕು. ಸರ್ವೆಯರ ಕಾಲು ಗಟ್ಟಿ, ಆದರೂ ಮೂರು ಕಡೆ ನಿಂತರು. ಹೆಂಡತಿಯ ಬಲ ಮಂಡಿಗೆ ಮನೆಯ ಮುಂದಿನ ಎರಡು ಮೆಟ್ಟಿಲೇ ಬೆಟ್ಟವಾಗಿತ್ತು.

ಮನೆಗೆ ಬಂದು ನಕ್ಷೆ ಬಿಡಿಸಿದರೆ ಎಲ್ಲ ಇತ್ತು. ದಿಬ್ಬದ ಏರನ್ನು ತೋರಿಸುವ ಕಂದು ಗೆರೆಗಳು ಎಂಟು, ಒಂದರ ಮೈಮೇಲೆ ಒಂದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಅವರು ಮೊದಲ ದಿನ ಹೇಳಿಕೊಡುತ್ತಿದ್ದದ್ದೇ ಆ ಗೆರೆಗಳನ್ನು ಓದುವುದನ್ನು. ಅವತ್ತು ಎಲ್ಲರ ಎದುರು ಅಂಕಿ ಹೇಳುವ ಆತುರದಲ್ಲಿ ಕಣ್ಣು ಸ್ಕೇಲಿನ ಮೇಲಷ್ಟೇ ಇತ್ತು. ನಕ್ಷೆಯಲ್ಲಿ ದೂರವನ್ನು ಯಾವಾಗಲೂ ಸಪಾಟು ನೆಲದ ಮೇಲಿನ ದೂರವಾಗಿಯೇ ಹಿಡಿಯುತ್ತಾರೆ. ಏರಿನ ಮೇಲೆ ಟೇಪು ಹಾಸಿದರೂ ಮೂರು ಮೀಟರ್ ಹೆಚ್ಚು ಬರಬಹುದು, ಅಷ್ಟೇ. ಹಾಗಾಗಿ ತಾವು ಸುಳ್ಳು ಹೇಳಿಲ್ಲ ಎಂದು ಸರ್ವೆಯರು ತಮಗೆ ತಾವೇ ಹೇಳಿಕೊಂಡರು. ಅಂಕಿ ಸರಿಯಾಗಿಯೇ ಇತ್ತು. ಅಂಕಿಗೆ ಮಂಡಿ ಇರಲಿಲ್ಲ, ಅದೊಂದೇ ತೊಂದರೆ.

ಸೋಮವಾರ ಸಂಜೆ ಹೇಳಬೇಕು ಅಂದುಕೊಂಡರು. ಹೆಂಡತಿ, "ಕಿಟಕಿ ಎಷ್ಟು ಅಗಲ?" ಎಂದು ಕೇಳಿದಳು, ಕಿಟಕಿಯ ಅಗಲ ಹೇಳಿ ಸುಮ್ಮನಾದರು. ಮಂಗಳವಾರ ಅವಳು ಪೆಟ್ಟಿಗೆ ಕಟ್ಟಲು ಕೂತಳು. ಬುಧವಾರ ಮಗಳಿಗೆ ಪಾಳಿ, ತಂಗಿಯ ಹತ್ತಿರ ಹೋಗಲಾಗಲಿಲ್ಲ. "ಇನ್ನೊಂದೇ ವಾರ. ಆಮೇಲೆ ಯಾರ ಮುಖಾನೂ ನೋಡಬೇಕಾಗಿಲ್ಲ," ಎಂದು ಹೆಂಡತಿ ಹಿತ್ತಲಿನಲ್ಲಿ ನಿಂತು ತನಗೆ ತಾನೇ ಹೇಳಿಕೊಂಡದ್ದು ಸರ್ವೆಯರ ಕಿವಿಗೆ ಬಿತ್ತು. ಅವರಿಗೆ ಸರಕ್ಕನೆ ಕೋಪ ಬಂತು. ಯಾರ ಮುಖವನ್ನೂ ಎಂದರೆ? ಇಪ್ಪತ್ತೊಂದು ತಿಂಗಳು ಕಾರು ಓಡಿಸಿದ ಮುಖವೂ ಸೇರಿತೇ ಅದರಲ್ಲಿ? ಆ ಕೋಪದ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅಷ್ಟು ಮೆಟ್ಟಿಲು ಅವಳು ಒಬ್ಬಳೇ ಹತ್ತಲಾರಳು. ಯಾರಾದರೂ ತೋಳು ಕೊಡಬೇಕು. ದಿನಾ ಹೋಗುವಾಗ ಇಳಿಸಬೇಕು, ಬರುವಾಗ ಹತ್ತಿಸಬೇಕು.

ಆ ಯೋಚನೆ ಅವರಿಗೆ ಹಿತವಾಗಿತ್ತು. ಹಿತವಾಗಿತ್ತು ಎಂದು ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು. ಗೇಟಿನವರೆಗೆ ಹೋಗಿ ಬಂದರು, ಮತ್ತೆ ಹೋದರು, ಎಷ್ಟು ಸಲ ಎಂದು ಎಣಿಸುವುದನ್ನೂ ಮರೆತರು. ಗುರುವಾರವೂ ಬಾಯಿ ಬಿಡಲಿಲ್ಲ.

ಶುಕ್ರವಾರ ಮಗಳು ಅಮ್ಮನನ್ನು ಹನ್ನೊಂದೂವರೆಗೆ ಆರೈಕೆ ಮನೆಗೆ ಬಿಟ್ಟು ವಾಪಸ್ಸು ಬಂದಳು. ಒಂದೂವರೆಯಾದರೂ ಕರೆತರಲು ಹೊರಡಲಿಲ್ಲ, ಆರಾಮಾಗಿ ಊಟ ಮಾಡುತ್ತಿದ್ದಳು.

"ಅಮ್ಮನ್ನ ಕರ್ಕೊಂಡು ಬರಲ್ವಾ?" ಎಂದರು ಸರ್ವೆಯರು.

"ಎರಡು ಗಂಟೆಗೆ ಹೊಸ ಮನೆ ಹತ್ತಿರ ಬಾ ಅಂದಿದ್ದಾರಪ್ಪ. ಇವತ್ತು ಚಿಕ್ಕಮ್ಮನ ಹತ್ತಿರದಿಂದ ಅಲ್ಲಿಗೆ ಬಸ್ಸಲ್ಲೇ ಬರ್ತಾರಂತೆ. ನಾಳೆ ಸಹಿ ಹಾಕೋ ಮುಂಚೆ ಒಂದ್ಸಲ ನಡೆದು ನೋಡ್ತೀನಿ, ಹೇಗೂ ಇನ್ನೂರ ಎಂಬತ್ತೇ ಮೀಟರ್ ಅಲ್ವಾ ಅಂದ್ರು."

ಸರ್ವೆಯರು ಚಪ್ಪಲಿ ಮೆಟ್ಟಿದರು. "ಏಳು," ಎಂದರು.

"ಊಟ..."

"ಏಳು ಅಂದ್ನಲ್ಲ!"

ಮಗಳು ಎಂಜಲು ಕೈ ತೊಳೆದು ಓಡಿ ಬಂದಳು. ದಾರಿಯುದ್ದಕ್ಕೂ ಏನಾಯಿತು ಎಂದು ಕೇಳಿದಳು, ಅಪ್ಪ ಬೇಗ ಓಡಿಸು ಎಂದಷ್ಟೇ ಹೇಳಿದರು. ಸಿಗ್ನಲ್ಲಿನಲ್ಲಿ ನಿಂತಾಗ ಅವರ ಕಾಲು ಇಲ್ಲದ ಬ್ರೇಕನ್ನೂ ಇಲ್ಲದ ಆಕ್ಸಿಲರೇಟರನ್ನೂ ತುಳಿಯುತ್ತಿತ್ತು. ಹಿಂದಿನ ರಸ್ತೆಯಿಂದ ದಿಬ್ಬ ಹತ್ತಿ ಮನೆಯ ಮುಂದೆ ಬಂದರೆ ಹೆಂಡತಿ ಇರಲಿಲ್ಲ. ಮನೆಯೊಡತಿ ಬಾಗಿಲಿಗೆ ಬಂದು, ಯಾರೂ ಬಂದಿಲ್ಲವಲ್ಲ ಎಂದಳು. ಸರ್ವೆಯರು ಮಗಳಿಗೆ ಅಲ್ಲೇ ಇರಲು ಹೇಳಿ ಮೆಟ್ಟಿಲ ಕಡೆ ನಡೆದರು. ಮೇಲಿನ ಮೆಟ್ಟಿಲು ಇಳಿದರು, ರಸ್ತೆ ಇಳಿದರು. ಕಣ್ಣು ಮಂಜು, ಮೆಟ್ಟಿಲ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ, ಗೋಡೆ ಸವರಿಕೊಂಡು ಇಳಿದರು.

ಕೆಳಗಿನ ಮೆಟ್ಟಿಲುಗಳ ಅರ್ಧಕ್ಕೆ ಹೆಂಡತಿ ಕೂತಿದ್ದಳು. ಬಲಗಾಲು ಚಾಚಿ, ಊಟದ ಡಬ್ಬಿಯ ಚೀಲ ಮಡಿಲಲ್ಲಿ ಇಟ್ಟುಕೊಂಡು, ಗೋಡೆಗೆ ಒರಗಿದ್ದಳು. ಮುಖ ಬೆವತು ಬಿಳಿಚಿಕೊಂಡಿತ್ತು. ಗಂಡನನ್ನು ನೋಡಿ ಏಳಲು ಹೋಗಲಿಲ್ಲ.

"ಬಿದ್ದೆಯಾ?"

"ಇಲ್ಲ. ಕೂತೆ." ಸ್ವಲ್ಪ ಉಸಿರು ಎಳೆದುಕೊಂಡು ಹೇಳಿದಳು, "ಮೊದಲು ನಾನೇ ದಾರಿ ತಪ್ಪಿದೆ ಅಂದ್ಕೊಂಡೆ. ಕೆಳಗೆ ಅಂಗಡಿಯವನನ್ನ ಕೇಳಿದೆ, ಇದೇ ದಾರಿ ಅಂದ. ನೀವು ಹೇಳಿದ್ದು ತಪ್ಪಿರುತ್ತೆ ಅಂತ ನನ್ನ ತಲೆಗೇ ಬರಲಿಲ್ಲ ನೋಡಿ."

ಸರ್ವೆಯರು ಪಕ್ಕದಲ್ಲಿ ಕೂತರು. "ನಕ್ಷೆಯಲ್ಲಿ ದೂರ ಅಂದ್ರೆ..." ಎಂದು ಶುರು ಮಾಡಿದರು.

"ಪಾಠ ಬೇಡ ರೀ," ಎಂದಳು ಹೆಂಡತಿ. "ಮೇಜಿನ ಮೇಲೆ ಹರಡಿದ ಬಟ್ಟೆಯ ಅಳತೆ ಒಂದು, ಮೈಮೇಲೆ ಹಾಕ್ಕೊಂಡಾಗ ಒಂದು. ಅದು ನನಗೂ ಗೊತ್ತು. ಒಂದು ಮಾತು ಕೇಳ್ತೀನಿ, ಹೇಳಿ. ಸೋಮವಾರ ನೀವು ಇಲ್ಲಿಗೆ ಬಂದಿದ್ರಲ್ಲ, ಇದೇ ದಾರೀಲಿ ಹತ್ತಿದ್ರಾ?"

ಒಬ್ಬ ಹೆಂಗಸು ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಅವರನ್ನು ದಾಟಿ ಮೇಲೆ ಹೋದಳು. ಸರ್ವೆಯರು ಕಾಲು ಮಡಚಿ ಅವಳಿಗೆ ದಾರಿ ಬಿಟ್ಟರು.

"ಹೌದು."

"ಐದು ದಿನ."

"ಹೌದು."

"ನಾಳೆ ನನ್ನ ಕೈಲಿ ಸಹಿ ಹಾಕಿಸ್ತಿದ್ರಾ?"

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ. ತಾವು ಏನು ಮಾಡುತ್ತಿದ್ದರು ಎಂಬುದು ಸರ್ವೆಯರಿಗೇ ನಿಜವಾಗಿ ಗೊತ್ತಿರಲಿಲ್ಲ. "ನೀನು ಒಬ್ಬಳೇ ಹೋಗ್ಬಿಡ್ತೀಯಲ್ಲ," ಎಂದರು. ತಮ್ಮ ಧ್ವನಿ ತಮಗೇ ಸಣ್ಣ ಮಕ್ಕಳ ಧ್ವನಿಯ ಹಾಗೆ ಕೇಳಿ ಕಿವಿ ಬಿಸಿಯಾಯಿತು. "ಕಾರು ಹೋಯ್ತು. ಇನ್ನು ನಿನಗೆ ಬಸ್ಸು ಸಾಕು. ಈ ಮನೆಗಾದ್ರೆ ಹತ್ತೋಕೆ ಇಳಿಯೋಕೆ ನನ್ನ ಕೈ ಬೇಕಾಗ್ತಿತ್ತು. ದಿನಾ ಜೊತೇಲಿ ಹೋಗ್ತಿದ್ವಿ, ಮೊದಲಿನ ಹಾಗೆ."

ಹೆಂಡತಿ ಬೈಯುತ್ತಾಳೆ ಅಂದುಕೊಂಡಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತ ನಿಧಾನಕ್ಕೆ ಹೇಳಿದಳು.

"ಜೊತೇಲಿ ಎಲ್ಲಿ ಬಂದ್ರಿ? ಗೇಟಿನವರೆಗೆ ಬಂದ್ರಿ. ಇಪ್ಪತ್ತೊಂದು ತಿಂಗಳಲ್ಲಿ ಒಂದು ದಿನ ಒಳಗೆ ಬಂದಿದ್ದೀರಾ? ಅವಳು ಮಲಗಿರೋ ಕೋಣೆ ಯಾವ ಕಡೆಗಿದೆ ಅಂತ ಗೊತ್ತಾ ನಿಮಗೆ? ದಿನಾ ಕಿಟಕಿಯಿಂದ ನಿಮ್ಮ ಕಾರು ನೋಡ್ತಿದ್ದಳು ರೀ ಅವಳು. ಭಾವ ಬಂದಿದ್ದಾರೆ ಅಂತ ಅವಳಿಗೆ ಗೊತ್ತಾಗ್ತಿತ್ತು."

ಆ ನಾದಿನಿ ಸರ್ವೆಯರ ಮದುವೆಯಲ್ಲಿ ಹದಿಮೂರು ವರ್ಷದವಳು. ಬಾಯಿ ಎಂದರೆ ಬಾಯಿ. ಐವತ್ತು ವರ್ಷ ಬಿಡದೆ ಭಾವನ ಕಾಲೆಳೆದಿದ್ದಳು, ಭಾವನೂ ಬಿಡದೆ ಎಳೆಸಿಕೊಂಡಿದ್ದರು. "ಅವಳು ಮಾತಾಡದೆ ಮಲಗಿರೋದನ್ನ ನೋಡೋಕೆ ನನ್ನಿಂದ ಆಗಲ್ಲ ಕಣೇ," ಎಂದರು.

"ನನ್ನಿಂದ ಆಗುತ್ತೆ ಅಂದ್ಕೊಂಡ್ರಾ?"

ಸರ್ವೆಯರು ಅವಳ ಮಡಿಲಿನ ಚೀಲವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ ಅವಳು ಕೈ ಚಾಚಿದಳು, ಅವರು ಎಬ್ಬಿಸಿದರು. ಮೇಲೆ ಹತ್ತುವ ಮಾತೇ ಇರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು ರಸ್ತೆಗೆ ಬಂದು, ಮಗಳಿಗೆ ಫೋನು ಮಾಡಿ ಕೆಳಗೇ ಬಾ ಎಂದರು. ಅಂದು ಸಂಜೆ ಸರ್ವೆಯರೇ ದಿಬ್ಬದ ಮನೆಯೊಡತಿಗೆ ಫೋನು ಮಾಡಿದರು. ಯಾಕೆ ಬೇಡ ಎಂದು ಅವಳು ಕೇಳಿದಾಗ, "ನನ್ನ ಲೆಕ್ಕ ತಪ್ಪಿತ್ತಮ್ಮ," ಎಂದರು. ಜೀವಮಾನದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು, ಮಗಳು ಒಳಗಿನಿಂದ ಇಣುಕಿ ನೋಡಿದಳು.

ಬಸ್ ನಿಲ್ದಾಣದ ಮೇಲಿನ ಮನೆ ಇನ್ನೂ ಖಾಲಿಯೇ ಇತ್ತು. ಕಿವಿ ಸರಿಯಿದ್ದ ಯಾರೂ ಅದನ್ನು ಹಿಡಿದಿರಲಿಲ್ಲ. ಹತ್ತು ದಿನಕ್ಕೆ ಸಾಮಾನು ಬಂತು. ಮೊದಲ ದಿನವೇ ಧ್ವನಿವರ್ಧಕದ ಹೆಂಗಸು ಬೆಳಗ್ಗೆ ಐದಕ್ಕೆ ಎಬ್ಬಿಸಿದಳು, ಬಸ್ಸು ಹೊರಟಾಗಲೆಲ್ಲ ಕಪಾಟಿನ ಲೋಟಗಳು ಗಲಗಲ ಎಂದವು. ಸರ್ವೆಯರು ಎದ್ದು ಕೋಣೆಯಿಂದ ಕೋಣೆಗೆ ಓಡಾಡಿದರು. ಹನ್ನೊಂದಾಗುತ್ತ ಬಂದಂತೆ ಓಡಾಟ ಇನ್ನೂ ಜಾಸ್ತಿಯಾಯಿತು. ಹೆಂಡತಿ ಚೀಲಕ್ಕೆ ಡಬ್ಬಿ ಹಾಕಿಕೊಂಡಳು. ಬನ್ನಿ ಎಂದು ಕರೆಯಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು, ಅಷ್ಟೇ. ಸರ್ವೆಯರು ಅಂಗಿ ಬದಲಿಸಿಕೊಂಡು ಹಿಂದೆಯೇ ಬಂದರು.

ಬಸ್ಸು ಆರೈಕೆ ಮನೆಯ ಎದುರಿಗೇ ನಿಂತಿತು. ಗೇಟಿನ ಒಳಗೆ ಒಂದು ಕಲ್ಲು ಬೆಂಚು, ಅದರ ಮೇಲೆ ಯಾರೋ ಬಿಟ್ಟುಹೋದ ಪೇಪರು. ಸರ್ವೆಯರ ಕಾಲು ಒಂದು ಕ್ಷಣ ಆ ಕಡೆ ತಿರುಗಿತು. ಹೆಂಡತಿ ಹಿಂತಿರುಗಿ ನೋಡದೆ ಒಳಗೆ ನಡೆದಳು. ಅವರೂ ನಡೆದರು.

ಮಂಚದ ಮೇಲೆ ಇದ್ದದ್ದು ಒಂದು ಹಿಡಿ ಮೂಳೆ. ಕಣ್ಣು ಮಾತ್ರ ಅವಳದೇ. ಆ ಕಣ್ಣು ಅಕ್ಕನನ್ನು ಬಿಟ್ಟು ಅವಳ ಹಿಂದೆ ಬಾಗಿಲಲ್ಲಿ ನಿಂತವರ ಮೇಲೆ ನೆಟ್ಟಿತು. ಹೆಂಡತಿ ದಿಂಬು ಸರಿಮಾಡಿ, ಬಟ್ಟಲಿಗೆ ಸೂಪು ಹಾಕಿ, ನಾಲ್ಕು ಚಮಚ ತಿನ್ನಿಸಿದಳು. ಐದನೆಯದನ್ನು ಗಂಡನ ಕೈಗೆ ಕೊಟ್ಟಳು.

ಸರ್ವೆಯರು ಬಗ್ಗಿ ಚಮಚ ಹಿಡಿದರು. ನಾದಿನಿ ಅವರ ಮುಖವನ್ನು ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ತುಟಿ ಬಿಗಿದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

"ತಡ ಆಯ್ತು ಕಣಮ್ಮ," ಎಂದರು ಸರ್ವೆಯರು. ಅವಳು ಕದಲಲಿಲ್ಲ. ಚಮಚ ವಾಲಿ ಸೂಪು ಹೊದಿಕೆಯ ಮೇಲೆ ಚೆಲ್ಲಿತು. ಅವರು ಚಮಚವನ್ನು ಹೆಂಡತಿಯ ಕಡೆಗೆ ಚಾಚಿದರು. ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು.

ಹೆಂಡತಿ ಚಮಚ ತೆಗೆದುಕೊಳ್ಳಲಿಲ್ಲ. ಹೊದಿಕೆ ಒರೆಸಿ, ಬಟ್ಟಲನ್ನು ಅವರಿಗೆ ಹತ್ತಿರ ಸರಿಸಿದಳು.

"ಹಿಡ್ಕೊಂಡೇ ಇರಿ," ಎಂದಳು. "ಬಸ್ಸು ಅರ್ಧ ಗಂಟೆಗೊಂದು ಇದೆ."

ಸರ್ವೆಯರು ಚಮಚವನ್ನು ಮತ್ತೆ ತುಂಬಿಕೊಂಡು, ತಿರುಗಿದ ಆ ಮುಖದ ಹತ್ತಿರ ಹಿಡಿದುಕೊಂಡು ನಿಂತರು.